ಎ-2, ಜಿ-1, ಎಂಎ-1: ಬೈಕ್ ಮೇಲೆ ಕೂತು ನೋಡಿದ ಅಳತೆ

ನನ್ನ ಎದೆ ಸುತ್ತಳತೆ 38 ಇಂಚು. ಹಾಗಾಗಿ ಮೊದಲು ತರಿಸಿದ್ದು 38ರ ಎ-2. ಅಮೆರಿಕದ ವಿಮಾನದಳದ ಹಳೇ ಚರ್ಮದ ಜಾಕೆಟ್ಟಿನ ಮರುತಯಾರಿ. ಕನ್ನಡಿ ಮುಂದೆ ಎಷ್ಟು ಚೆಂದ ಕಂಡಿತು! ಮರುದಿನ ಬೆಳಿಗ್ಗೆ ಆರಕ್ಕೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದೆ. ಗಾಜನೂರು ಬರುವಷ್ಟರಲ್ಲಿ ಬೆನ್ನು ಬಿಗಿದುಕೊಂಡಿತ್ತು. ತೋಳು ಮಣಿಕಟ್ಟು ಬಿಟ್ಟು ಮೇಲೆ ಸರಿದು, ಚಳಿಗಾಳಿ ಸೀದಾ ಒಳಗೆ ನುಗ್ಗುತ್ತಿತ್ತು.

ಎ-2ರ ಬೆನ್ನು ಒಂದೇ ತುಂಡು ಚರ್ಮ. ನೆರಿಗೆ ಇಲ್ಲ. ಅಮೆರಿಕದ ಸೇನೆ 1931ರಲ್ಲಿ ಒಪ್ಪಿಕೊಂಡ ವಿನ್ಯಾಸವೇ ಹಾಗೆ. ಕೈ ಮುಂದೆ ಚಾಚಿದರೆ ಬಟ್ಟೆ ಬಿಡಿಸಿಕೊಳ್ಳಲು ಜಾಗವೇ ಇರುವುದಿಲ್ಲ.

"ದೊಡ್ಡದೇ ತಗೋ, ಒಳಗೆ ಸ್ವೆಟರ್ ಹಾಕ್ಬಹುದು" ಅಂದರು ಭಾವ. 42 ಹಾಕಿ ನೋಡಿದೆ. ಸಡಿಲ ಇದ್ದರೆ ಆರಾಮ ಅಂದುಕೊಂಡಿದ್ದು ತಪ್ಪಾಯಿತು. ಭುಜದ ಹೊಲಿಗೆ ತೋಳಿನ ಮೇಲೆ ಜಾರಿತ್ತು, ಆರ್ಮ್‌ಹೋಲ್ (ತೋಳು ಕೂಡುವ ಸುತ್ತು) ಕೆಳಗಿಳಿದಿತ್ತು. ಕೈ ಎತ್ತಿದರೆ ಇಡೀ ಜಾಕೆಟ್ಟೇ ಮೇಲೇಳುತ್ತದೆ! ಆರ್ಮ್‌ಹೋಲ್ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಹಗುರಾಗಿ ಆಡುತ್ತದೆ. ಕೊನೆಗೆ ಕೂಡಿಬಂದದ್ದು 40. ಜಾಕೆಟ್ ಹರಡಿಟ್ಟು ಅಳೆದರೆ ಕಂಕುಳಿಂದ ಕಂಕುಳಿಗೆ ಇಪ್ಪತ್ತೊಂದೂವರೆ ಇಂಚು, ಅಂದರೆ ಸುತ್ತಳತೆ 43. ನನ್ನ ಮೈಗಿಂತ ಐದು ಇಂಚು ಜಾಸ್ತಿ. ಭುಜದ ಹೊಲಿಗೆ ಸರಿಯಾಗಿ ಮೂಳೆ ಮುಗಿಯುವಲ್ಲೇ ಕೂರುತ್ತದೆ. ಅದನ್ನು ಮೊದಲು ನೋಡಿ. ಚರ್ಮ ಮೊಣಕೈ ಹತ್ತಿರ ಸ್ವಲ್ಪ ಪಳಗುತ್ತದೆ, ಆದರೆ ಭುಜ ತಪ್ಪಿದರೆ ಸರಿಮಾಡಿಸುವುದು ಬಹಳ ಕಷ್ಟ.

ನೌಕಾದಳದ ಜಿ-1ರಲ್ಲಿ ಈ ಪಾಡಿಲ್ಲ. ಬೆನ್ನಿನ ಎರಡೂ ಬದಿ ನೆರಿಗೆ ಇರುತ್ತದೆ, ಕೈ ಚಾಚಿದಾಗ ಬಿಚ್ಚಿಕೊಳ್ಳುತ್ತದೆ. ನನಗೆ 38ರದೇ ಸಾಕಾಯಿತು. ಬೈಕಿಗೆ ಇದೇ ಮೇಲು, ಒಪ್ಪುತ್ತೇನೆ. ಆದರೆ ಆ ತುಪ್ಪಳದ ಕಾಲರ್ ಹೆಲ್ಮೆಟ್ಟಿಗೆ ತಾಗುತ್ತಲೇ ಇತ್ತು. ನಮ್ಮ ಮಳೆಗಾಲದ ಥಂಡಿಯಲ್ಲಿ ಅದನ್ನು ಒಣಗಿಸಿ ಇಡೋದು ಬೇರೆ ಕೆಲಸ, ಅಲ್ವಾ?

ಎಂಎ-1 ನೈಲಾನಿನದು, 1950ರ ದಶಕದ್ದು. ಹಗುರ, ಬೆಚ್ಚಗೆ. ಉಬ್ಬಿಕೊಂಡಿರೋದೇ ಅದರ ಗುಣ, ಹಾಗಾಗಿ ಅರ್ಧ ಇಂಚು ಹೆಚ್ಚುಕಮ್ಮಿಯಾದರೂ ಗೊತ್ತಾಗುವುದಿಲ್ಲ. ಮೊದಲ ಸಲ ಕೊಳ್ಳುವವರಿಗೆ ನಾನು ಇದನ್ನೇ ಹೇಳುವುದು.

ಮೂರರದೂ ಉದ್ದ ಕಡಿಮೆ. ಆ ಕಾಲದಲ್ಲಿ ಸೊಂಟದ ಮೇಲೆ ಕಟ್ಟುತ್ತಿದ್ದ ಪ್ಯಾಂಟಿಗೆ ಹೊಂದುವ ಅಳತೆ ಅದು. ಈಗಿನ ಜೀನ್ಸ್ ಹಾಕಿ ಬೈಕ್ ಮೇಲೆ ಬಾಗಿದರೆ ಬೆನ್ನು ಕಾಣುತ್ತದೆ. ಜಿಪ್ ಪೂರ್ತಿ ಹಾಕಿ, ಹ್ಯಾಂಡಲ್ ಹಿಡಿದು, ಹಿಂದಿನಿಂದ ಮನೆಯವರ ಹತ್ತಿರ ಒಂದು ಫೋಟೋ ತೆಗೆಸಿ ನೋಡಿ. ಚರ್ಮ ಪಳಗಿದರೂ ಉದ್ದ ಬೆಳೆಯುವುದಿಲ್ಲ.

ನಾನು ಉಳಿಸಿಕೊಂಡದ್ದು 40ರ ಎ-2. ಮಣಿಕಟ್ಟಿನ ಹೆಣಿಗೆ ಪಟ್ಟಿ ಈಗ ಮಂಡಗದ್ದೆ ದಾಟಿದರೂ ಜಾಗ ಬಿಟ್ಟು ಕದಲುವುದಿಲ್ಲ. ದೀಪಾವಳಿಯಿಂದ ಶಿವರಾತ್ರಿವರೆಗೆ ಮೈಮೇಲೆ. ಜೂನ್ ಬಂತೆಂದರೆ ಗಾಳಿಯಾಡುವ ಕೋಣೆಯಲ್ಲಿ, ಅಗಲ ಹ್ಯಾಂಗರಿನಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ.