ಸ್ನೋಮೆಡ್ ಕೋಡ್ ಇರುವ ರಿಪೋರ್ಟ್ ಟೆಂಪ್ಲೇಟ್: ಮೂರು ವರ್ಷ ಬಳಸಿದ ಮೇಲೆ

ನಾನು ರೇಡಿಯಾಲಜಿಸ್ಟ್. ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್‌ಗೂ ಎದೆಯ ಎಕ್ಸ್‌ರೇಗೂ ಸ್ನೋಮೆಡ್ ಸಿಟಿ ಕೋಡ್ ಇರುವ ಟೆಂಪ್ಲೇಟ್, ಅಂದರೆ ರಿಪೋರ್ಟ್ ತುಂಬುವ ಸಿದ್ಧ ಫಾರ್ಮ್, ಬಂದು ಮೂರು ವರ್ಷವಾಯಿತು. ಸ್ನೋಮೆಡ್ ಅಂದರೆ ರೋಗ, ಅಂಗ, ಪರೀಕ್ಷೆ ಎಲ್ಲಕ್ಕೂ ಒಂದೊಂದು ನಂಬರ್ ಕೊಟ್ಟಿರುವ ಅಂತಾರಾಷ್ಟ್ರೀಯ ವೈದ್ಯಕೀಯ ಪದಪಟ್ಟಿ. ಇದರ ಹೆಸರಲ್ಲಿರುವ ‘ಸಿಟಿ’, ಸ್ಕ್ಯಾನಿನ ಸಿಟಿ ಅಲ್ಲ, ಕ್ಲಿನಿಕಲ್ ಟರ್ಮ್ಸ್. ಹೊಸಬರು ಪ್ರತಿ ಸಲ ಕೇಳುತ್ತಾರೆ. ಇದನ್ನು ನಡೆಸುವ ಸಂಸ್ಥೆಗೆ ಭಾರತ 2014ರಲ್ಲೇ ಸದಸ್ಯ ದೇಶವಾದ್ದರಿಂದ ಇದರ ಲೈಸೆನ್ಸಿಗೆ ದುಡ್ಡಿಲ್ಲ.

ಮೊದಲ ಎರಡು ತಿಂಗಳು ಬೈದುಕೊಂಡೇ ಬಳಸಿದೆ. ಗಡಗಡ ಹೇಳಿ ಟೈಪ್ ಮಾಡಿಸುತ್ತಿದ್ದವನಿಗೆ ಒಂದೊಂದೇ ಕ್ಲಿಕ್ ಮಾಡಿ ಅಂದರೆ ಸಿಟ್ಟು ಬರದೆ ಇರುತ್ತಾ?

ಮನಸ್ಸು ಬದಲಾಗಿದ್ದು ಹಳೆಯ ರಿಪೋರ್ಟ್ ಹುಡುಕುವಾಗ. ನಾವು ಮೂವರು ಡಾಕ್ಟರು. ಲಿವರಿನಲ್ಲಿ ಕೊಬ್ಬು ಸೇರಿದ್ದನ್ನೇ ಒಬ್ಬರು ‘ಫ್ಯಾಟಿ ಲಿವರ್’ ಅಂತ ಬರೆದರೆ, ಇನ್ನೊಬ್ಬರು ‘ಹೆಪಾಟಿಕ್ ಸ್ಟಿಯಾಟೋಸಿಸ್’, ನಾನು ‘ಫ್ಯಾಟಿ ಚೇಂಜ್’. ಈಗ ಯಾರು ಏನೇ ಆರಿಸಲಿ, ಒಳಗೆ ಕೂರುವುದು 197321007 ಒಂದೇ. ಅದೊಂದು ಹಾಕಿದರೆ ಎಲ್ಲವೂ ಸಿಗುತ್ತವೆ.

ಆದರೆ ಎಕ್ಸ್‌ರೇ ಟೆಂಪ್ಲೇಟ್ ಚೆನ್ನಾಗಿ ಕೈಕೊಟ್ಟಿತು. ಎದೆಯಲ್ಲಿ ನೀರು ತುಂಬಿದ ಕೇಸ್ ಬೇಕು ಅಂತ 60046008 ಹಾಕಿದರೆ, ನಾವು ತೆಗೆದ ಎಕ್ಸ್‌ರೇಗಳೆಲ್ಲ ಬಂದು ಸಾಲಾಗಿ ನಿಂತವು! ಕೋಡನ್ನು ‘ಪ್ಲೂರಲ್ ಎಫ್ಯೂಷನ್ ಇದೆಯೇ?’ ಅನ್ನುವ ಪ್ರಶ್ನೆಗೆ ಅಂಟಿಸಿದ್ದರು. ‘ಇಲ್ಲ’ ಅನ್ನುವ ಉತ್ತರಕ್ಕೆ ಕೋಡೇ ಇರಲಿಲ್ಲ. ಆಮೇಲೆ ಹೌದು, ಇಲ್ಲ ಎರಡಕ್ಕೂ ಬೇರೆ ಬೇರೆ ಕೋಡ್ ಹಾಕಿಸಿ, ಪ್ರಶ್ನೆಯ ಕೋಡನ್ನೂ ಉತ್ತರದ ಕೋಡನ್ನೂ ಸೇರಿಸಿ ಹುಡುಕುವ ಹಾಗೆ ಮಾಡಿಸಿದೆವು. ಟೆಂಪ್ಲೇಟ್ ಕೊಳ್ಳುವವರು ಮೊದಲ ದಿನವೇ ಇದನ್ನು ಕೇಳಿ ನೋಡಿ.

ಇನ್ನೊಂದು ತಪ್ಪು ನನ್ನದೇ. ಪಿತ್ತಕೋಶದ ಜಾಗದಲ್ಲಿ ‘ನಾರ್ಮಲ್’ ಅಂತ ಮೊದಲೇ ತುಂಬಿರುತ್ತಿತ್ತು. ಒಬ್ಬರಿಗೆ ಆಪರೇಷನ್‌ನಲ್ಲಿ ಪಿತ್ತಕೋಶವನ್ನೇ ತೆಗೆದಿದ್ದರು, ನಾನು ಗಮನಿಸದೆ ಸಹಿ ಹಾಕಿದೆ. ಅವರೇ ನಗುತ್ತಾ ವಾಪಸ್ ತಂದರು, ನನಗೆ ನಗು ಬರಲಿಲ್ಲ. ಕೋಡ್ ಇದ್ದಾಗ ಇಂಥ ತಪ್ಪು ಹುಡುಕಾಟದಲ್ಲೂ ಲೆಕ್ಕದಲ್ಲೂ ಸೇರಿಕೊಳ್ಳುತ್ತದೆ. ಈಗ ಆ ಜಾಗ ಖಾಲಿ ಇರುತ್ತದೆ, ತುಂಬದೆ ಸಹಿ ಆಗುವುದಿಲ್ಲ.

ಸ್ನೋಮೆಡ್‌ನಲ್ಲಿ 3.5 ಲಕ್ಷಕ್ಕೂ ಜಾಸ್ತಿ ಕೋಡ್‌ಗಳಿವೆ. ನಮಗೆ ದಿನಾ ಬೇಕಾಗುವುದು ಇನ್ನೂರು ಚಿಲ್ಲರೆ. ಅಷ್ಟನ್ನು ನಾವೇ ಕೂತು ಆರಿಸಿದೆವು, ಉಳಿದದ್ದು ಮೆನುವಿನಲ್ಲಿ ಕಾಣದ ಹಾಗೆ ಮಾಡಿಸಿದೆವು.

ಐದಕ್ಕೆ ನಾಲ್ಕು ಸ್ಟಾರ್. ಅಪರೂಪದ ಕೇಸ್ ಬಂದರೆ ಈಗಲೂ ಕೆಳಗಿನ ಖಾಲಿ ಡಬ್ಬಿಯಲ್ಲಿ ನನ್ನ ಮಾತಿನಲ್ಲೇ ಬರೆಯುತ್ತೇನೆ. ಕಳಿಸಿದ ಡಾಕ್ಟರು ಮೊದಲು ಓದುವುದೂ ಅದನ್ನೇ.