ಮೊದಲ ಲೆನ್ಸ್: 18-55, 50 ಎಂಎಂ, 55-250

ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್ ಇದ್ದರೆ (ಎಂಎಂ ಕಡಿಮೆಯಾದಷ್ಟು ನೋಟ ಅಗಲ) ವಿಜಯಪುರದ ಗೋಳಗುಮ್ಮಟಕ್ಕೆ ಬೇರೆ ಲೆನ್ಸ್ ಬೇಡ. 50 ಎಂಎಂನಲ್ಲಿ ಇಡೀ ಕಟ್ಟಡ ಹಿಡಿಸಲು ಬಹಳ ಹಿಂದೆ ಸರಿಯಬೇಕು.

ಬಾದಾಮಿ ಗುಹೆಗಳ ಒಳಗೆ ಲೆಕ್ಕ ತಿರುಗುತ್ತದೆ. ಕಿಟ್ ಲೆನ್ಸ್ 55ರಲ್ಲಿ ಎಫ್5.6ಕ್ಕೇ ನಿಲ್ಲುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟು ಹೆಚ್ಚು ಬೆಳಕು), 50 ಎಂಎಂ ಎಫ್1.8 ಸುಮಾರು ಹತ್ತು ಪಟ್ಟು ಬೆಳಕು ತರುತ್ತದೆ. ಕಿಟ್‌ನಲ್ಲಿ 1/15 ಸೆಕೆಂಡ್ ಬೇಡುವ ಕೆತ್ತನೆಗೆ ಇಲ್ಲಿ 1/125 ಸಿಗುತ್ತದೆ, ಕೈ ನಡುಗಿದ್ದು ಕಾಣುವುದಿಲ್ಲ. ಮನೆಮಂದಿಯ ಮುಖ ತೆಗೆಯಲೂ ಇದೇ ಚೆಂದ. ಆದರೆ 1.8ರಲ್ಲಿ ತೀರ ಹತ್ತಿರ ಹೋದರೆ ಕಣ್ಣು ಸ್ಪಷ್ಟ, ಕಿವಿ ಮಸುಕು, 2.8 ಇಡಿ.

55-250 ಆಲಮಟ್ಟಿ ಹಿನ್ನೀರಿನ ಹಕ್ಕಿಗಳಿಗೆ, ಅದೂ ಒಳ್ಳೆ ಬಿಸಿಲಿದ್ದರೆ. 250ರಲ್ಲಿ 1/400ಕ್ಕಿಂತ ನಿಧಾನ ಬೇಡ. ಸ್ಟೆಬಿಲೈಸರ್ ಕೈಯ ನಡುಕ ತಡೆಯುತ್ತದೆ, ಹಕ್ಕಿಯ ರೆಕ್ಕೆಯನ್ನಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟಾರ್ಚ್ ಬೆಳಕು ಹಾಯಿಸಿ ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್ (ಬೂಷ್ಟು). ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.