ಗಾಯಕಿಗೊಂದು, ಗಾಯಕನಿಗೊಂದು: ನನ್ನ ಮೂರು ಪಿಟೀಲುಗಳು

ಪಿಟೀಲು ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿ?’ ಅಂತ. ಪಕ್ಕವಾದ್ಯ ನುಡಿಸುವವರು ಕೇಳಬೇಕಾದ್ದು ‘ಯಾವ ಶ್ರುತಿಗೆ?’ ಅಂತ. ನಾನು ಮೈಸೂರಿನಲ್ಲಿ ಬಹಳ ವರ್ಷಗಳಿಂದ ಕರ್ನಾಟಕ ಸಂಗೀತ ಹಾಡುವವರಿಗೆ ಪಕ್ಕವಾದ್ಯ ನುಡಿಸುತ್ತಿದ್ದೇನೆ. ಸಂಜೆ ಹೊತ್ತು ಮನೆಯಲ್ಲಿ ಮಕ್ಕಳಿಗೆ ಪಾಠ. ನನ್ನ ಹತ್ತಿರ ಮೂರು ಪಿಟೀಲು ಇವೆ. ಒಂದು ಹಳೇ ಜರ್ಮನ್, ಒಂದು ಚೀನಾದ್ದು, ಒಂದು ಎಲೆಕ್ಟ್ರಿಕ್. ಮೂರನ್ನೂ ಕಛೇರಿಯಲ್ಲಿ ಚೆನ್ನಾಗಿ ದುಡಿಸಿದ್ದೇನೆ. ಮೂರರ ಮೇಲೂ ನನ್ನ ತಕರಾರಿದೆ.

ಮೊದಲು ಶ್ರುತಿ ವಿಷಯ. ಪಾಶ್ಚಾತ್ಯರು ನಾಲ್ಕು ತಂತಿಯನ್ನು ಜಿ, ಡಿ, ಎ, ಇ ಸ್ವರಗಳಿಗೆ ಕೂಡಿಸುತ್ತಾರೆ. ತಂತಿ ತಯಾರಿಸುವವರೂ ಆ ಬಿಗಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ. ನಮ್ಮದು ಸ-ಪ-ಸ-ಪ, ಅಂದರೆ ಷಡ್ಜ-ಪಂಚಮ ಎರಡು ಸಲ. ಷಡ್ಜ ಎಲ್ಲಿ ಅನ್ನೋದು ಹಾಡುವವರ ಶ್ರುತಿಯ ಮೇಲೆ. ಐದೂವರೆ ಶ್ರುತಿಯ (ಷಡ್ಜ ಪಾಶ್ಚಾತ್ಯರ ಜಿ ಶಾರ್ಪ್) ಗಾಯಕಿ ಹಾಡಿದರೆ ತೊಂದರೆಯೇ ಇಲ್ಲ. ಕೆಳಗಿನ ಎರಡು ತಂತಿ ಒಂದು ಸ್ವರಸ್ಥಾನ ಏರುತ್ತವೆ, ಮೇಲಿನ ಎರಡು ಒಂದು ಸ್ವರಸ್ಥಾನ ಇಳಿಯುತ್ತವೆ, ಅಷ್ಟೇ. ಒಂದನೇ ಶ್ರುತಿಯ (ಷಡ್ಜ ಪಾಶ್ಚಾತ್ಯರ ಸಿ) ಗಾಯಕ ಬಂದು ಕೂತಾಗ ಮಾತ್ರ ಕಥೆ ಬೇರೆ. ಇ ಸ್ವರದಲ್ಲಿ, ಸುಮಾರು 660 ಹರ್ಟ್ಸ್‌ನಲ್ಲಿ, ಇರಬೇಕಾದ ಮೊದಲನೇ ತಂತಿಯನ್ನು 392ಕ್ಕೆ ಇಳಿಸಬೇಕು. ಬಿಗಿ ಇಳಿಯುವುದು ಕಂಪನದ ವರ್ಗದ ಲೆಕ್ಕದಲ್ಲಿ. ಹಾಗಾಗಿ ಕೊನೆಗೆ ಉಳಿಯುವುದು ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. ಕಮಾನು ಸ್ವಲ್ಪ ಒತ್ತಿದರೂ ತಂತಿ ಹೊಯ್ದಾಡುತ್ತೆ. ಸ್ವರ ಓಲಾಡಿಸುವ ಗಮಕ ಎಳೆದರೆ ಅಂದುಕೊಂಡದ್ದಕ್ಕಿಂತ ಮೇಲೆ ಹೋಗಿ ನಿಲ್ಲುತ್ತೆ. ಅದಕ್ಕೇ ತುಂಬಾ ಪಕ್ಕವಾದ್ಯದವರು ಎರಡು ಪಿಟೀಲು ಇಟ್ಟುಕೊಂಡಿರುತ್ತಾರೆ. ತಗ್ಗಿನ ಶ್ರುತಿಯದಕ್ಕೆ ದಪ್ಪ ತಂತಿ, ಹೆಚ್ಚಿನ ಶ್ರುತಿಯದಕ್ಕೆ ಮಾಮೂಲಿ ತಂತಿ. ಇದು ಶೋಕಿಯಲ್ಲ.

ನನ್ನ ಜರ್ಮನ್ ಪಿಟೀಲು ತಗ್ಗಿನ ಶ್ರುತಿಯದು. ಎಫ್ ಆಕಾರದ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್’ ಅನ್ನೋ ಚೀಟಿ ಕಾಣುತ್ತೆ. ಮಂಡ್ಯದಿಂದ ಬಂದಿದ್ದ ಚಿಕ್ಕಪ್ಪನ ಮಗ ಅದನ್ನು ನೋಡಿ, “ಅಣ್ಣಾ, ಇದು ಕೋಟಿಗಟ್ಟಲೆ ಬಾಳೋದಲ್ವಾ?” ಅಂದ. “ಅದರ ಕೆಳಗಿನ ಸಾಲೂ ಓದಪ್ಪ,” ಅಂದೆ. ಕೆಳಗೆ ‘ಮೇಡ್ ಇನ್ ಜರ್ಮನಿ’ ಅಂತಿದೆ. ಇಟಲಿಯ ಕ್ರೆಮೊನಾದಲ್ಲಿ ಪಿಟೀಲು ಮಾಡುತ್ತಿದ್ದ ಸ್ಟ್ರಾಡಿವರಿ ತೀರಿಕೊಂಡಿದ್ದು 1737ರಲ್ಲಿ. ಅವನ ಕೈಯಿಂದ ಬಂದ ವಾದ್ಯಗಳಲ್ಲಿ ಇವತ್ತು ಉಳಿದಿರುವುದು ಎಲ್ಲಾ ಸೇರಿ 650ರ ಆಸುಪಾಸು. ಅವನ ಮಾದರಿಯಲ್ಲಿ ಜರ್ಮನಿಯ ಮಾರ್ಕ್‌ನೊಯ್‌ಕಿರ್ಷೆನ್ ಕಡೆಯ ಕುಶಲಕರ್ಮಿಗಳು ಮಾಡಿ ಊರೂರಿಗೆ ಕಳಿಸಿದ್ದಕ್ಕೆ ಲೆಕ್ಕವೇ ಇಲ್ಲ. ಚೀಟಿ ಅಂದರೆ ‘ಇದು ಆ ಮಾದರಿಯದು’ ಅಂತ ಮಾತ್ರ. ಮೋಸ ಅನ್ನೋಕಾಗಲ್ಲ. ಆದರೆ ಆ ಚೀಟಿ ತೋರಿಸಿ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಕೈಮುಗಿದು ಎದ್ದು ಬನ್ನಿ.

ಚೀಟಿ ಬಿಟ್ಟು ವಾದ್ಯದ ತಲೆ ನೋಡಿ. ಸುರುಳಿ ಸುತ್ತಿದ ಆ ತುದಿಯಲ್ಲಿ ಒಂದು ಕಡೆ ವಾರ್ನಿಷ್ ಸವೆದು ಬಿಳಿ ಮರ ಕಾಣುತ್ತಿದ್ದರೆ, ಅದು ನೆಲದ ಮೇಲೆ ಕೂತು ನುಡಿಸುವ ನಮ್ಮವರ ಬಲಗಾಲಿನ ಮೇಲೆ ವರ್ಷಗಟ್ಟಲೆ ಕೂತಿದೆ ಅಂತ ಅರ್ಥ. ಹೆಗಲ ಮೇಲಿಟ್ಟು ನುಡಿಸಿದ್ದಕ್ಕೆ ಆ ಸವಕಲು ಬರಲ್ಲ. ನನ್ನದರಲ್ಲಿ ಅದು ಕೊಳ್ಳುವಾಗಲೇ ಇತ್ತು. ಹಿಂದೆ ನುಡಿಸಿದವರು ಕರ್ನಾಟಕ ಸಂಗೀತದವರೇ ಅಂತ ಗೊತ್ತಾಗಿ ಧೈರ್ಯ ಬಂತು.

ಇದರ ನಾದ ಗಂಭೀರ. ಮಂದ್ರದಲ್ಲಿ ಕಮಾನು ಇಟ್ಟರೆ ಎದೆಗೆ ಒತ್ತಿದ ಜಾಗದಲ್ಲಿ ಕಂಪನ ತಿಳಿಯುತ್ತೆ. ಆದರೆ ಒಂದು ಚಾಳಿ ಇದೆ. ಎರಡನೇ ತಂತಿಯಲ್ಲಿ ಮೇಲೆ ಹೋದಾಗ, ಪಾಶ್ಚಾತ್ಯರ ಸಿ ಹತ್ತಿರ, ನಾದ ತೊದಲುತ್ತೆ. ಪಿಟೀಲಿನ ಟೊಳ್ಳು ಮರದ ಪೆಟ್ಟಿಗೆಗೂ ತನ್ನದೇ ಒಂದು ಕಂಪನ ಇರುತ್ತೆ. ತಂತಿಯ ಕಂಪನ ಅದಕ್ಕೆ ಸರಿಯಾಗಿ ಬಂದು ಕೂತಾಗ ಎರಡೂ ಕಿತ್ತಾಡುತ್ತವೆ. ಮಜಾ ಇರೋದು ಮುಂದೆ. ಐದೂವರೆ ಶ್ರುತಿಗೆ ಕೂಡಿಸಿದರೆ ಆ ಜಾಗ ಅಂತರ ಗಾಂಧಾರ. ಆ ಗಾಂಧಾರ ಬರುವ ಕಲ್ಯಾಣಿ, ಶಂಕರಾಭರಣ ರಾಗ ಎರಡಕ್ಕೂ ಕುತ್ತು. ತೋಡಿಯ ಗಾಂಧಾರ ಬೇರೆ, ಅದು ಪಾರು. ಒಂದನೇ ಶ್ರುತಿಗೆ ಕೂಡಿಸಿದರೆ ಅದೇ ಜಾಗ ಮೇಲಿನ ಷಡ್ಜ. ಯಾವ ರಾಗ ಬಂದರೂ ಷಡ್ಜ ಬಿಡೋಕಾಗುತ್ತಾ? ಆದರೆ ಆ ಷಡ್ಜವನ್ನು ಮೊದಲನೇ ತಂತಿಯಲ್ಲಿ ಹಿಡಿದರೆ ತೊದಲಿಲ್ಲ. ಐದೂವರೆಯಲ್ಲಿ ಗಾಂಧಾರಕ್ಕೆ ಆ ಅನುಕೂಲವಿಲ್ಲ, ಯಾಕೆಂದರೆ ಮೊದಲನೇ ತಂತಿ ಶುರುವಾಗೋದೇ ಪಂಚಮದಿಂದ. ಹೀಗಾಗಿ ಈ ಪಿಟೀಲು ತಗ್ಗಿನ ಶ್ರುತಿಗೇ ಮೀಸಲಾಯಿತು. ಅಂಗಡಿಯಲ್ಲಿ ನೋಡುವಾಗ ನಿಮ್ಮ ಶ್ರುತಿಗೆ ಕೂಡಿಸಿ, ಒಂದೊಂದೇ ಸ್ವರ ಎಳೆದು ನೋಡಿ ಅನ್ನುವುದು ಇದಕ್ಕೇ. ಜಿ-ಡಿ-ಎ-ಇ ಕೂಡಿಸಿ ಅಂಗಡಿಯವರು ನುಡಿಸಿ ತೋರಿಸಿದ್ದು ನಮ್ಮ ಪಾಲಿಗೆ ಬೇರೆ ವಾದ್ಯ.

ಮೈಸೂರಿನ ಹವೆಯೂ ಇದಕ್ಕೆ ಲೆಕ್ಕ. ಮಾರ್ಚ್ ಬಂತೆಂದರೆ ತಂತಿ ಸುತ್ತಿದ ಬಿರಡೆ ನಿಲ್ಲಲ್ಲ, ಜಾರಿ ಬಿರ್‍ರನೆ ಬಿಚ್ಚಿಕೊಳ್ಳುತ್ತೆ. ಮಳೆಗಾಲದಲ್ಲಿ ಅದೇ ಬಿರಡೆ ತಿರುಗಿಸಿದರೂ ತಿರುಗಲ್ಲ. ಜಾರುವುದಕ್ಕೆ ಸೀಮೆಸುಣ್ಣ, ಬಿಗಿಯಾಗುವುದಕ್ಕೆ ಒಣ ಸೋಪು. ಒಂದು ಬೇಸಿಗೆಯಲ್ಲಿ ಬುಡದ ಅಂಚು ಬಿಟ್ಟುಕೊಂಡು ಝರ್ ಅನ್ನತೊಡಗಿತ್ತು. ಬೆರಳಿನ ಗೆಣ್ಣಿಂದ ಸುತ್ತ ತಟ್ಟುತ್ತಾ ಬಂದರೆ ಬಿಟ್ಟ ಜಾಗದಲ್ಲಿ ಸದ್ದು ಒಡಕಾಗುತ್ತೆ. ಅಲ್ಲಿಗೆ ಬಡಗಿಯ ಬಿಳಿ ಅಂಟು ಹಾಕಿಸಬೇಡಿ. ಪಿಟೀಲಿಗೆ ಹಾಕೋದು ಚರ್ಮದಿಂದ ಮಾಡಿದ ಸರೇಸು. ಮರ ಕುಗ್ಗಿದಾಗ ಹಲಗೆ ಸೀಳುವ ಮೊದಲು ಅಂಟು ಬಿಟ್ಟುಕೊಳ್ಳಲಿ ಅಂತಲೇ ಅದನ್ನು ಹಾಕುತ್ತಾರೆ. ಬಿಳಿ ಅಂಟು ಬಿಡಲ್ಲ, ಹಲಗೆಯೇ ಸೀಳುತ್ತೆ.

ಚೀನಾದ್ದು ಆನ್‌ಲೈನ್‌ನಲ್ಲಿ ತರಿಸಿದ್ದು, ಇಟ್ಟು ಒಯ್ಯುವ ಪೆಟ್ಟಿಗೆ, ಕಮಾನು ಎಲ್ಲಾ ಸೇರಿ. ಮರ ಕೆಟ್ಟದ್ದೇನಲ್ಲ. ಮುಂದಿನ ಹಲಗೆ ಸ್ಪ್ರೂಸ್, ಹಿಂದಿನದು ಮೇಪಲ್, ದೊಡ್ಡ ವಾದ್ಯಗಳ ಹಾಗೇ. ಕೆಟ್ಟಿದ್ದು ಜೋಡಣೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಎಷ್ಟು ಎತ್ತರ ಇತ್ತೆಂದರೆ ತಂತಿ ಒತ್ತಿದರೆ ಬೆರಳಲ್ಲಿ ಗೀರು ಬೀಳುತ್ತಿತ್ತು. ಅದರ ಪಾದಗಳು ಹಲಗೆಯ ಉಬ್ಬಿಗೆ ಕೂತಿರಲೇ ಇಲ್ಲ, ಕೆಳಗೆ ಕಾಗದ ತೂರಿಸಬಹುದಿತ್ತು. ಒಳಗೆ ಎರಡು ಹಲಗೆಯ ನಡುವೆ ನಿಲ್ಲುವ ಪುಟ್ಟ ಕಂಬ, ಸೌಂಡ್ ಪೋಸ್ಟ್, ದಾರಿಯಲ್ಲೇ ಬಿದ್ದು ಒಳಗೆ ಗಡಗಡ ಅನ್ನುತ್ತಿತ್ತು. ಮಾರಿದವರಿಗೆ ಬರೆದರೆ “ಹೊಸದರಲ್ಲಿ ಹಾಗೇ ಸರ್, ನುಡಿಸ್ತಾ ಸರಿಹೋಗುತ್ತೆ” ಅಂತ ಉತ್ತರ. ಬಿದ್ದ ಕಂಬ ನುಡಿಸಿದರೆ ಎದ್ದು ನಿಲ್ಲುತ್ತಾ? ತಿಳಿದವರ ಹತ್ತಿರ ಕುದುರೆ ತೆಳ್ಳಗೆ ಕೆತ್ತಿಸಿ, ಪೋಸ್ಟ್ ನಿಲ್ಲಿಸಿ, ಒಳ್ಳೆ ಸಿಂಥೆಟಿಕ್ ತಂತಿ ಹಾಕಿಸಿದೆ. ತಂತಿಯ ಖರ್ಚೇ ಪಿಟೀಲಿನ ಬೆಲೆಯ ಹತ್ತಿರ ಬಂತು. ಆದರೆ ಆಮೇಲೆ ಅದು ಐದೂವರೆಗೆ ಹೇಳಿ ಮಾಡಿಸಿದ ಹಾಗಾಯಿತು. ಹಾಡುವ ಹೆಣ್ಣುಮಕ್ಕಳ ಜೊತೆ ಈಗ ಅದೇ ನನ್ನ ವಾದ್ಯ. ನಾದ ಚುರುಕು, ಸ್ವಲ್ಪ ಚೀರು. ಮೈಕಿನಲ್ಲಿ ಆ ಚೀರು ಕೇಳಲ್ಲ.

ಇದಕ್ಕಿಂತ ಅಗ್ಗದ್ದನ್ನು ಮಕ್ಕಳು ತರುತ್ತಾರೆ. ಅದರಲ್ಲಿ ಬೆರಳು ಆಡುವ ಪಟ್ಟಿ ಎಬೊನಿ ಅಲ್ಲ, ಮೆತ್ತನೆ ಮರಕ್ಕೆ ಕಪ್ಪು ಬಣ್ಣ. ನಮ್ಮ ಜಾರು, ಗಮಕ ಅದರ ಮೇಲೆ ನಡೆದರೆ ಕೆಲವೇ ತಿಂಗಳಲ್ಲಿ ತಂತಿಯ ಕೆಳಗೆ ಕಾಲುವೆ. ಜೊತೆಗೆ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವವರು ನಾವು. ಎಣ್ಣೆ, ಬಣ್ಣ ಸೇರಿ ಮಗುವಿನ ಬೆರಳೆಲ್ಲಾ ಮಸಿ. ಕೊಳ್ಳುವ ಮೊದಲು ಪಟ್ಟಿಯ ಅಂಚಿನ ಅಡಿಭಾಗ ನೋಡಿ. ಅಲ್ಲಿ ಬಿಳಿ ಮರ ಇಣುಕಿದರೆ ಬೇಡ.

ಎಲೆಕ್ಟ್ರಿಕ್ ಬಗ್ಗೆ ಹೇಳೋದು ಕಡಿಮೆ. ಪೆಟ್ಟಿಗೆಯೇ ಇಲ್ಲ, ಆದ್ದರಿಂದ ತೊದಲೂ ಇಲ್ಲ. ರಾತ್ರಿ ಹೆಡ್‌ಫೋನ್ ಹಾಕಿ ಸಾಧನೆ ಮಾಡಬಹುದು, ಪಕ್ಕದ ಮನೆಯವರು ಖುಷಿ. ಆದರೆ ನಾದ ಎದೆಗೆ ತಾಗಲ್ಲ, ಕಮಾನಿನ ಒತ್ತಡದ ಸೂಕ್ಷ್ಮ ಅರ್ಧಕ್ಕರ್ಧ ಹೋಗುತ್ತೆ. ನಿಧಾನಗತಿಯ ಚೌಕದ ಕೃತಿಗೆ ನಾನು ಅದನ್ನು ಮುಟ್ಟಲ್ಲ. ಗಣಪತಿ ಪೆಂಡಾಲುಗಳಲ್ಲಿ ಸ್ಪೀಕರ್ ಪಕ್ಕದಲ್ಲೇ ಕೂರಿಸಿದಾಗ ಮಾತ್ರ ಅದು ಕಾಪಾಡಿದೆ. ಮಾಮೂಲಿ ಪಿಟೀಲು ಅಲ್ಲಿ ಕುಂಯ್ ಅಂತ ಕೂಗುತ್ತೆ.

ಸದ್ದು ಸಾಲದು ಅನ್ನುವ ಗೋಳು ಹೊಸದಲ್ಲ. ಮೈಸೂರಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು (1895–1967) ಹಿಂದಿನ ಸಾಲಿನವರಿಗೂ ಕೇಳಿಸಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಬಿರಡೆ ಏಳು, ಶ್ರುತಿ ಸೇರಿಸುವ ಕಷ್ಟವೂ ಅಷ್ಟೇ. ನಾಲ್ಕನ್ನೇ ಮಾರ್ಚ್‌ನಲ್ಲಿ ಸಂಭಾಳಿಸಲಾಗದ ನನಗೆ ಆ ಆಸೆ ಬಂದಿಲ್ಲ.

ಸದ್ಯಕ್ಕೆ ಜರ್ಮನ್‌ನ ಪಟ್ಟಿಯಲ್ಲೂ ಸಣ್ಣ ಹಳ್ಳ ಬಿದ್ದಿದೆ. ಎಬೊನಿ ಆದ್ದರಿಂದ ಇನ್ನೂ ಹೆರೆಸಬಹುದು. ಮಳೆ ಕಳೆದು ಮರ ಒಣಗಲಿ ಅಂತ ಕಾಯುತ್ತಿದ್ದೇನೆ. ಅಲ್ಲಿವರೆಗೆ ತಗ್ಗಿನ ಶ್ರುತಿಯ ಕಛೇರಿಗೆ ಚೀನಾದ್ದಕ್ಕೇ ದಪ್ಪ ತಂತಿ ಹಾಕಿ ನಡೆಸಬೇಕು. ಒಂದನೇ ಶ್ರುತಿಯಲ್ಲಿ ಅದರ ಸ್ವಭಾವ ಹೇಗೆ ಅಂತ ಆಮೇಲೆ ಬರೆಯುತ್ತೇನೆ.